ಪಾತಾಳದ ಬಾಗಿಲು



ದೇವರ ದರ್ಶನಕ್ಕೆಂದು ಬೆಟ್ಟವನ್ನು ಹತ್ತುವುದು ನಮ್ಮ ಸೀಮೆಯವರಿಗೆ ಹುಟ್ಟಿನಿಂದ ಬಂದ ಅಭ್ಯಾಸ. ಚಾಮುಂಡೇಶ್ವರಿಯನ್ನು ಕಾಣಲು ಸಾವಿರ ಮೆಟ್ಟಿಲು ಹತ್ತುತ್ತೇವೆ. ಹಿಮವದ್ಗೋಪಾಲಸ್ವಾಮಿಯನ್ನೂ ಬಿಳಿಗಿರಿರಂಗನನ್ನೂ ಕಾಣಲು ಕಾಡುಮಲೆಗಳನ್ನು ಏರುತ್ತೇವೆ. ಮುಡುಕುತೊರೆಯ ಮಲ್ಲಿಕಾರ್ಜುನನೂ ಗುಡ್ಡದ ಮೇಲೆಯೇ ನೆಲಸಿದ್ದಾನೆ. ಏರಿದಷ್ಟೂ ದೇವರಿಗೆ ಸಮೀಪವಾದೆವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಹತ್ತಿ ನೋಡುವ ದೇವರಿರುವಂತೆಯೇ ಇಳಿದು ನೋಡುವ ದೇವರೂ ಉಂಟು. ನೆಲದ ಮೇಲಿನ ಬೆಳಕನ್ನು ಬಿಟ್ಟು, ಕತ್ತಲೆಯ ಕಡೆಗೆ ಒಂದೊಂದೇ ಹೆಜ್ಜೆ ಇಳಿಯುತ್ತ ಹೋಗಿ ಕೈಮುಗಿಯತಕ್ಕ ಸ್ಥಳಗಳು ಲೋಕದಲ್ಲಿ ಹಲವಿವೆ. ಅಂಥವುಗಳಲ್ಲಿ ಒಂದು ನಮ್ಮ ತಿರುಮಕೂಡಲು ನರಸೀಪುರದ ತಾಲ್ಲೂಕಿನಲ್ಲಿಯೇ ಇದೆ. ಇನ್ನು ಕೆಲವು ಭೂಮಂಡಲದ ಆಚೆಯ ಮಗ್ಗುಲಲ್ಲಿ, ಮಾಯಾ ಎಂಬ ಜನರ ದೇಶದಲ್ಲಿವೆ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡುವುದೂ, ಇಂಥ ಸ್ಥಳಕ್ಕೆ ಹೋಗುವವನ ಹೊಣೆ ಏನೆಂಬುದನ್ನು ವಿಚಾರಮಾಡುವುದೂ ಈ ಭಾಷಣದ ಉದ್ದೇಶ.

ಮೊದಲು ನಮಗೆ ಪರಿಚಿತವಾದ ದಾರಿಯಲ್ಲಿ ಹೊರಡೋಣ. ಕಪಿಲೆಯೂ ಕೌಂಡಿನ್ಯೆಯೂ ಕೂಡುವ ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ಆಲಯವಿದೆ. ಏಳು ನೆಲೆಯ ಗೋಪುರವನ್ನು ದಾಟಿ, ವಿಶಾಲವಾದ ಪ್ರಾಕಾರವನ್ನು ದಾಟಿ, ಕಂಬಗಳ ಸಾಲನ್ನು ಹಾದು ಒಳಗೆ ಹೋಗುವವನು ಒಂದು ವಿಷಯವನ್ನು ಗಮನಿಸಬೇಕು. ಹೊರಗಿನ ಬಿಸಿಲು ಮಂಟಪದಲ್ಲಿ ಅರೆಬೆಳಕಾಗುತ್ತದೆ. ಅರೆಬೆಳಕು ಸುಕನಾಸಿಯಲ್ಲಿ ಮಬ್ಬಾಗುತ್ತದೆ. ಕೊನೆಗೆ ದೇವರಿರುವಲ್ಲಿ ಎಣ್ಣೆಯ ದೀಪವೊಂದೇ ಉಳಿಯುತ್ತದೆ. ಚಾವಣಿ ತಗ್ಗುತ್ತದೆ, ಗೋಡೆಗಳು ಸಮೀಪಿಸುತ್ತವೆ, ಗಾಳಿ ತಂಪಾಗುತ್ತದೆ. ಆ ಕೋಣೆಗೆ ನಮ್ಮ ಹಿರಿಯರು ಇಟ್ಟ ಹೆಸರು ಗರ್ಭಗೃಹ. ನಮ್ಮ ಶಿಲ್ಪಿಗಳು ಬಯಲಿನಲ್ಲಿ ಕಲ್ಲಿನ ಮೇಲೆ ಕಲ್ಲನ್ನಿಟ್ಟು ಕಟ್ಟಿದ್ದರೂ ಒಳಗೆ ನಿರ್ಮಿಸಿರುವುದು ಒಂದು ಗವಿಯನ್ನೇ ಎಂದು ಹೇಳಿದರೆ ತಪ್ಪಾಗಲಾರದು.

ಕಪಿಲೆಯ ಜೊತೆಯಲ್ಲಿಯೇ ಕೆಳಕ್ಕೆ ಹೋದರೆ ಅದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಕಣ್ಣಿಗೆ ಕಾಣುವ ಹೊಳೆಗಳು ಎರಡೇ ಆದರೂ ಕೂಡಲು ಮೂರರದೆಂದು ಎಣಿಕೆ. ಸ್ಫಟಿಕ ಸರೋವರವೆಂಬ ಮೂರನೆಯದು ನೆಲದ ಒಳಗಿನಿಂದ ಗುಪ್ತವಾಗಿ ಬಂದು ಸೇರುತ್ತದೆಂದು ನಂಬಿಕೆ. ದಡದಲ್ಲಿರುವ ಅಗಸ್ತ್ಯೇಶ್ವರನ ಲಿಂಗವನ್ನು ಕುರಿತ ಕಥೆ ನಿಮಗೆ ತಿಳಿದೇ ಇರಬಹುದು. ಕಾಶಿಯಿಂದ ಲಿಂಗವನ್ನು ತರಲು ಹೋದ ಹನುಮಂತನು ಹೊತ್ತಿಗೆ ಸರಿಯಾಗಿ ಬಾರದೆ ಹೋದುದರಿಂದ ಅಗಸ್ತ್ಯರು ಹೊಳೆಯ ಮರಳನ್ನೇ ಕೂಡಿಸಿ ಲಿಂಗವನ್ನು ಮಾಡಿದರಂತೆ. ಆ ಲಿಂಗದ ನೆತ್ತಿಯಲ್ಲಿ ಜಿನುಗುವ ನೀರನ್ನು ಭಕ್ತರಿಗೆ ತೀರ್ಥವಾಗಿ ಕೊಡುತ್ತಾರೆ. ಕಲ್ಲಿನಿಂದ ಹನಿಯುವ ನೀರು ಹೊಳೆಯ ನೀರಿಗಿಂತ ಪವಿತ್ರವೆಂಬ ಈ ಭಾವನೆಯನ್ನು ಶ್ರೋತೃಗಳು ನೆನಪಿನಲ್ಲಿಡಬೇಕಾಗಿ ಕೋರುತ್ತೇವೆ. ಸಮುದ್ರದಾಚೆಗೆ ಹೋದಾಗ ಇದನ್ನೇ ಮತ್ತೊಮ್ಮೆ ಕಾಣಲಿದ್ದೇವೆ.

ನರಸೀಪುರದಿಂದ ಮುಂದಕ್ಕೆ ಕಾವೇರಿಯನ್ನು ಅನುಸರಿಸಿದರೆ ತಲಕಾಡು ಸಿಕ್ಕುತ್ತದೆ. ಗಂಗರಸರ ರಾಜಧಾನಿಯಾಗಿ, ಅನಂತರ ಚೋಳರ ವಶವಾಗಿ ರಾಜರಾಜಪುರವೆನಿಸಿ, ಹೊಯ್ಸಳ ವಿಷ್ಣುವರ್ಧನನಿಗೆ ತಲಕಾಡುಗೊಂಡನೆಂಬ ಬಿರುದನ್ನು ತಂದುಕೊಟ್ಟ ಊರು ಇದು. ಆ ವಿಜಯದ ಸ್ಮರಣೆಗಾಗಿ ಅವನು ಕೀರ್ತಿನಾರಾಯಣನ ದೇವಾಲಯವನ್ನು ೧೧೧೭ರಲ್ಲಿ ಪ್ರತಿಷ್ಠೆ ಮಾಡಿಸಿದನು. ಇಂಥ ಪಟ್ಟಣ ಈಗ ಮರಳಿನ ದಿಬ್ಬ. ಪಾದರಕ್ಷೆಗಳನ್ನು ಬಿಟ್ಟು ಆ ಮರಳಿನಲ್ಲಿ ನಡೆಯುವವನ ಕಾಲು ಹೂತುಹೋಗುತ್ತದೆ. ಮುಂದಿಟ್ಟ ಹೆಜ್ಜೆ ಅರ್ಧ ಹಿಂದಕ್ಕೆ ಜಾರುತ್ತದೆ. ನೀಲಗಿರಿ ಮೊದಲಾದ ಮರಗಳ ನೆರಳಿನಲ್ಲಿ ಹೀಗೆ ಸಾಗುತ್ತಿರುವಾಗ ಎಲ್ಲಿಯೂ ದೇವಾಲಯದ ಕುರುಹು ಕಾಣುವುದಿಲ್ಲ. ಥಟ್ಟನೆ ಎದುರಿಗೆ ಒಂದು ತಗ್ಗು ತೆರೆದುಕೊಳ್ಳುತ್ತದೆ. ಆ ತಗ್ಗಿನ ತಳದಲ್ಲಿ ಕಲ್ಲಿನ ಚಿಕ್ಕ ಗುಡಿ. ಸುತ್ತಲೂ ನಿಂತಿರುವ ಮರಳಿನ ಅಂಚು ಗುಡಿಯ ಮಾಡಿಗಿಂತ ಎತ್ತರ. ಮೆಟ್ಟಿಲಿಳಿದು ಒಳಗೆ ಹೋಗಬೇಕು. ಇದೇ ಪಾತಾಳೇಶ್ವರನ ಸನ್ನಿಧಿ.

ಹೆಸರೇ ಅರ್ಥವನ್ನು ಹೇಳುತ್ತದೆ. ಈ ದೇವರಿಗೆ ವಾಸುಕೀಶ್ವರನೆಂಬ ಇನ್ನೊಂದು ಹೆಸರೂ ಉಂಟು. ವಾಸುಕಿಯು ನಾಗಲೋಕದ ಅರಸನಲ್ಲವೆ? ಲಿಂಗವು ಬೆಳಗಿನಲ್ಲಿ ಕೆಂಪಾಗಿಯೂ ಮಧ್ಯಾಹ್ನ ಕಪ್ಪಾಗಿಯೂ ಸಂಜೆಯಲ್ಲಿ ಬಿಳುಪಾಗಿಯೂ ಕಾಣುತ್ತದೆಂದು ಭಕ್ತರು ಹೇಳುತ್ತಾರೆ. ವೈದ್ಯೇಶ್ವರ, ಪಾತಾಳೇಶ್ವರ, ಮರಳೇಶ್ವರ, ಅರ್ಕೇಶ್ವರ, ಮಲ್ಲಿಕಾರ್ಜುನ ಎಂಬ ಐವರನ್ನೂ ಒಂದೇ ದಿನ ಸಂದರ್ಶಿಸುವುದು ಪಂಚಲಿಂಗ ದರ್ಶನ. ಕಾರ್ತಿಕಮಾಸದ ಸೋಮವಾರದಂದು ವಿಶೇಷ ಯೋಗ ಕೂಡಿಬಂದ ವರ್ಷಗಳಲ್ಲಿ ಮಾತ್ರ ಇದು ನಡೆಯತಕ್ಕದ್ದು. ೨೦೦೯, ೨೦೧೩, ೨೦೨೦ನೆಯ ಇಸವಿಗಳಲ್ಲಿ ನಡೆದಿದೆ. ಐವರಲ್ಲಿ ಮಲ್ಲಿಕಾರ್ಜುನನಿಗೆ ಹತ್ತಬೇಕು, ಪಾತಾಳೇಶ್ವರನಿಗೆ ಇಳಿಯಬೇಕು. ಒಂದೇ ಯಾತ್ರೆಯಲ್ಲಿ ಏರುವುದನ್ನೂ ಇಳಿಯುವುದನ್ನೂ ಸೇರಿಸಿರುವುದು ಅರ್ಥವತ್ತಾಗಿದೆ.

ಆದರೆ ಈ ಗುಡಿಯನ್ನು ಕಟ್ಟಿದವರು ಪಾತಾಳದಲ್ಲಿ ಕಟ್ಟಲಿಲ್ಲ. ಅವರ ಕಾಲಕ್ಕೆ ಅದು ನೆಲದ ಮೇಲೆಯೇ ಇತ್ತು. ನೆಲವೇ ಮೇಲಕ್ಕೆ ಬಂದಿತು. ಇದಕ್ಕೆ ಕಾರಣವನ್ನು ಜನರು ಅಲಮೇಲಮ್ಮನ ಶಾಪದಲ್ಲಿ ಕಾಣುತ್ತಾರೆ. ೧೬೧೦ರಲ್ಲಿ ಶ್ರೀರಂಗಪಟ್ಟಣವು ರಾಜ ಒಡೆಯರ ಕೈಸೇರಿದ ಮೇಲೆ, ತಿರುಮಲರಾಯನ ಪತ್ನಿಯಾದ ಅವಳು ತನ್ನ ಆಭರಣಗಳನ್ನು ಕೇಳಿಬಂದವರಿಂದ ತಪ್ಪಿಸಿಕೊಳ್ಳಲಾರದೆ, ತಲಕಾಡು ಮರಳಾಗಲೆಂದೂ ಮಾಲಂಗಿ ಮಡುವಾಗಲೆಂದೂ ಮೈಸೂರಿನ ದೊರೆಗಳಿಗೆ ಸಂತಾನವಿಲ್ಲದೆ ಹೋಗಲೆಂದೂ ಶಪಿಸಿ ಹೊಳೆಗೆ ಹಾರಿದಳೆಂಬುದು ಕಥೆ. ಪ್ರಕೃತಿಯನ್ನು ಪರೀಕ್ಷಿಸುವವರು ಬೇರೆ ಕಾರಣವನ್ನು ಕೊಡುತ್ತಾರೆ. ತಲಕಾಡಿನ ಬಳಿ ಕಾವೇರಿಯು ತೀವ್ರವಾಗಿ ತಿರುಗುತ್ತದೆ. ತಿರುವಿನಲ್ಲಿ ನೀರಿನ ವೇಗ ಕುಗ್ಗಿ ಮರಳು ನಿಲ್ಲುತ್ತದೆ. ವಿಜಯನಗರದ ಕಾಲದಲ್ಲಿ ಮಾಧವಮಂತ್ರಿಯು ಮೇಲ್ಗಡೆ ಕಟ್ಟಿಸಿದ ಅಣೆಕಟ್ಟಿನಿಂದ ಹರಿವು ಕಡಮೆಯಾಗಿ ಮರಳಿನ ಪಾತ್ರವು ಇನ್ನಷ್ಟು ಬರಿದಾಯಿತೆಂದು ಹಲವರ ಅಭಿಪ್ರಾಯ. ನೈರುತ್ಯದ ಗಾಳಿ ಎದ್ದಾಗ ಈ ಒಣಮರಳು ತೂರಿಬಂದು ಊರಿನ ಮೇಲೆ ಬೀಳುತ್ತದೆ. ರೈಸ್ ಸಾಹೇಬರು ತಮ್ಮ ಮೈಸೂರು ಗೆಜೆಟಿಯರಿನಲ್ಲಿ, ದಿಬ್ಬವು ಸುಮಾರು ಒಂದು ಮೈಲಿ ಉದ್ದವಾಗಿತ್ತೆಂದೂ, ವರ್ಷಕ್ಕೆ ಒಂಬತ್ತು ಹತ್ತು ಅಡಿ ಮುಂದೊತ್ತಿ ಬರುತ್ತಿತ್ತೆಂದೂ, ಜನರು ಮನೆಗಳನ್ನು ಬಿಟ್ಟು ಒಳನಾಡಿನ ಕಡೆಗೆ ಸರಿಯಬೇಕಾಯಿತೆಂದೂ ಬರೆದಿದ್ದಾರೆ.

ಹೀಗೆ ಮರಳು ಊರನ್ನು ನುಂಗಿತು. ಆದರೆ ನುಂಗಿದ್ದನ್ನು ಜೀರ್ಣಿಸಿಕೊಳ್ಳಲಿಲ್ಲ. ಬಿಸಿಲು, ಮಳೆ, ಬೇರು, ಕಲ್ಲಿಗಾಗಿ ಕೈಚಾಚುವ ಜನ, ಇವರೆಲ್ಲರಿಂದಲೂ ಅದು ಹೂತದ್ದನ್ನು ಮರೆಮಾಡಿತು. ಪುರಾತತ್ವ ಇಲಾಖೆಯವರು ೧೯೯೨–೯೩ರಲ್ಲಿ ಇಲ್ಲಿ ಅಗೆಸಿದಾಗ, ಎಷ್ಟೋ ತಲೆಮಾರುಗಳು ಕಾಣದೆ ಇದ್ದ ಕಟ್ಟಡದ ಅವಶೇಷಗಳು ಹೊರಬಿದ್ದುವು. ನರಸೀಪುರದ ಹತ್ತಿರ ಕಾವೇರಿಯ ದಂಡೆಯಲ್ಲಿಯೂ ನೆಲ ಇದೇ ಉಪಕಾರವನ್ನು ಮಾಡಿದೆ. ೧೯೫೯ರಿಂದ ೧೯೬೫ರ ವರೆಗೆ ಡಾಕ್ಟರ್ ಎಂ. ಶೇಷಾದ್ರಿಯವರು ಅಲ್ಲಿ ನಡೆಸಿದ ಅಗೆತಗಳಲ್ಲಿ ನವಶಿಲಾಯುಗದ ಜನರ ಬೀಡೂ ಸಮಾಧಿಗಳೂ ದೊರೆತುವು. ತಲೆಯಿಡುವುದಕ್ಕೆಂದು ಮಾಡಿದ ಮಣ್ಣಿನ ದಿಂಬುಗಳು ಸಹ ಸಿಕ್ಕಿದುವು. ಸಾವಿರಾರು ವರ್ಷಗಳ ಹಿಂದೆ ಯಾರೋ ಉಪಯೋಗಿಸಿದ ಮಣ್ಣಿನ ದಿಂಬು ನಮ್ಮ ಕಾಲಕ್ಕೆ ಉಳಿದು ಬಂದುದು, ಅದನ್ನು ಯಾರೂ ಕಾಣದೆ ಇದ್ದುದರಿಂದ. ಮರೆಯೇ ಕಾವಲು. ಈ ಮಾತೇ ನಮ್ಮ ಭಾಷಣದ ಸಾರ. ಇದನ್ನು ಹಿಡಿದುಕೊಂಡು ಈಗ ಮಾಯಾ ಜನರ ನಾಡಿಗೆ ಹೋಗೋಣ.

ಮಾಯಾ ಎಂದೊಡನೆ ನಮಗೆ ಪಾಂಡವರ ಸಭೆಯನ್ನು ಕಟ್ಟಿದ ಮಯನು ನೆನಪಾಗುವುದು ಸಹಜ. ಹೆಸರಿನ ಈ ಸಾಮ್ಯವು ಕೇವಲ ಆಕಸ್ಮಿಕ. ಈಗಿನ ಮೆಕ್ಸಿಕೋ ದೇಶದ ದಕ್ಷಿಣಭಾಗ, ಗ್ವಾಟೆಮಾಲ, ಬೆಲೀಜ್, ಹೊಂಡುರಾಸಿನ ಪಶ್ಚಿಮಭಾಗ ಮುಂತಾದ ಪ್ರದೇಶಗಳಲ್ಲಿ ಬಹು ಪ್ರಾಚೀನ ಕಾಲದಿಂದ ನೆಲಸಿರುವ ಜನಾಂಗ ಇದು. ಕ್ರಿಸ್ತಶಕ ೨೫೦ರಿಂದ ೯೦೦ರ ವರೆಗಿನ ಅವಧಿ ಅವರ ಉಚ್ಛ್ರಾಯಕಾಲ. ನಮ್ಮಲ್ಲಿ ಗಂಗರು ತಲಕಾಡಿನಿಂದ ಆಳುತ್ತಿದ್ದಾಗ ಅಲ್ಲಿ ಮೆಟ್ಟಿಲು ಮೆಟ್ಟಿಲಾದ ದೇವಾಲಯಗಳು ಏಳುತ್ತಿದ್ದುವು. ಅವರಿಗೆ ಸ್ವಂತ ಲಿಪಿಯಿತ್ತು, ಸೂಕ್ಷ್ಮವಾದ ಪಂಚಾಂಗಗಣಿತವಿತ್ತು. ಆ ಜನರು ಅಳಿದುಹೋದರೆಂದು ತಿಳಿಯಬಾರದು. ಲಕ್ಷಗಟ್ಟಲೆ ಮಾಯಾ ಜನರು ಇಂದಿಗೂ ತಮ್ಮ ಭಾಷೆಗಳನ್ನಾಡುತ್ತ, ಮುಸುಕಿನ ಜೋಳವನ್ನು ಬೆಳೆಯುತ್ತ ಅಲ್ಲಿಯೇ ಇದ್ದಾರೆ.

ಆ ನಾಡಿನ ಬಹುಭಾಗ ಸುಣ್ಣಕಲ್ಲಿನ ನೆಲ. ನಮ್ಮ ಮೈಸೂರು ಸೀಮೆಯ ಬಂಡೆ ಗಡುಸಾದದ್ದು. ನೀರು ಅದರ ಮೇಲೆ ಹರಿದುಹೋಗುತ್ತದೆಯೇ ಹೊರತು ಅದನ್ನು ಕರಗಿಸಲಾರದು. ಆದುದರಿಂದಲೇ ನಮ್ಮ ಗವಿಗಳು ಸಾಮಾನ್ಯವಾಗಿ ಬಂಡೆಯ ಮೇಲೆ ಬಂಡೆ ಒರಗಿ ಆದ ಪೊಟರೆಗಳು. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಭದ್ರಬಾಹುಮುನಿಗಳ ಪಾದಗಳನ್ನು ಪೂಜಿಸುವ ಗವಿಯೂ, ಬೆಂಗಳೂರಿನಲ್ಲಿ ಮಕರಸಂಕ್ರಾಂತಿಯ ಸಂಜೆಯ ಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುವ ಗವಿ ಗಂಗಾಧರೇಶ್ವರನ ಸನ್ನಿಧಿಯೂ ಗಟ್ಟಿಬಂಡೆಯ ಆಶ್ರಯಗಳು. ಸುಣ್ಣಕಲ್ಲಿನ ರೀತಿ ಬೇರೆ. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಅಂಗಾರಾಮ್ಲವನ್ನು ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿ ಸುಣ್ಣಕಲ್ಲನ್ನು ಸಾವಕಾಶವಾಗಿ ಕರಗಿಸುತ್ತದೆ. ಲಕ್ಷಾಂತರ ವರ್ಷಗಳಲ್ಲಿ ಬಿರುಕು ಓಣಿಯಾಗುತ್ತದೆ, ಓಣಿ ಮಂಟಪವಾಗುತ್ತದೆ. ಕರಗಿದ ಸುಣ್ಣ ಹನಿಯೊಡನೆ ಇಳಿದು ಮತ್ತೆ ಹೆಪ್ಪುಗಟ್ಟಿ, ಮೇಲಿನಿಂದ ತೊಂಗಲುಗಳಾಗಿ ಜೋಲುತ್ತದೆ, ಕೆಳಗಿನಿಂದ ಕಂಬಗಳಾಗಿ ಏಳುತ್ತದೆ. ನೀರೇ ಅಲ್ಲಿ ಶಿಲ್ಪಿ.

ಇದರಿಂದ ಇನ್ನೊಂದು ಪರಿಣಾಮವೂ ಉಂಟು. ನೀರೆಲ್ಲ ನೆಲದ ಒಳಕ್ಕೆ ಇಳಿದುಹೋಗುವುದರಿಂದ ಉತ್ತರ ಯುಕಟಾನಿನಲ್ಲಿ ಮೇಲೆ ಹರಿಯುವ ಹೊಳೆಗಳು ಇಲ್ಲವೆಂದೇ ಹೇಳಬೇಕು. ಕಾವೇರಿ ಕಪಿಲೆಗಳ ಮಡಿಲಲ್ಲಿ ಬೆಳೆದ ನಮಗೆ ಹೊಳೆಯಿಲ್ಲದ ನಾಗರಿಕತೆಯನ್ನು ಊಹಿಸುವುದು ಕಷ್ಟ. ಅಲ್ಲಿಯ ಜನರು ನೀರಿಗಾಗಿ ಗವಿಗಳನ್ನೂ, ಗವಿಯ ಚಾವಣಿ ಕುಸಿದು ಬಾಯ್ದೆರೆದ ಬಾವಿಗಳನ್ನೂ ಆಶ್ರಯಿಸಬೇಕಾಯಿತು. ಚಿಚೆನ್ ಇಟ್ಸಾ ಎಂಬ ಅವರ ಪ್ರಸಿದ್ಧ ಪಟ್ಟಣದ ಹೆಸರಿಗೆ ಇಟ್ಸಾ ಜನರ ಬಾವಿಯ ಬಾಯಿ ಎಂದೇ ಅರ್ಥ. ಗವಿ ಎಂಬುದಕ್ಕೂ ಬಾವಿ ಎಂಬುದಕ್ಕೂ ಅವರಲ್ಲಿ ಒಂದೇ ಮಾತು ಸಲ್ಲುತ್ತಿತ್ತು. ಮಳೆಯ ದೇವತೆಯಾದ ಚಾಕನು ಆಕಾಶದಲ್ಲಿ ಮಾತ್ರವಲ್ಲದೆ ಗವಿಯಲ್ಲಿಯೂ ವಾಸಿಸುತ್ತಾನೆಂದು ಅವರ ನಂಬಿಕೆ. ಶಿಬಾಲ್ಬಾ ಎಂಬ ಮೃತ್ಯುಲೋಕಕ್ಕೂ ಗವಿಯೇ ಬಾಗಿಲು. ಅವಳಿ ವೀರರಿಬ್ಬರು ಅಲ್ಲಿಗೆ ಇಳಿದು ಮೃತ್ಯುದೇವತೆಗಳನ್ನು ಗೆದ್ದು ಬಂದ ಕಥೆ ಅವರ ಪೋಪೋಲ್ ವೂಹ್ ಎಂಬ ಗ್ರಂಥದಲ್ಲಿದೆ. ಹೀಗೆ ಜೀವಕೊಡುವ ನೀರೂ ಜೀವ ತೆಗೆಯುವ ಮೃತ್ಯುವೂ ಒಂದೇ ಬಾಗಿಲಿನಿಂದ ಬರುತ್ತಿದ್ದುವು. ಅಂಥ ಬಾಗಿಲಿಗೆ ಭಯಭಕ್ತಿಗಳು ಎರಡೂ ಸಲ್ಲಬೇಕಾದುದು ನ್ಯಾಯವೇ.

ಗವಿಯ ತೊಂಗಲಿನಿಂದ ನೆಲವನ್ನು ಮುಟ್ಟುವ ಮೊದಲೇ ಹಿಡಿದ ನೀರು ಅವರಿಗೆ ಕನ್ಯೋದಕ, ಅಂದರೆ ಯಾರೂ ಮುಟ್ಟದ ನೀರು. ಅದನ್ನು ಹಿಡಿಯಲು ಗವಿಯೊಳಗೆ ಪಾತ್ರೆಗಳನ್ನು ಇಡುತ್ತಿದ್ದರು. ಅಗಸ್ತ್ಯೇಶ್ವರನ ನೆತ್ತಿಯ ತೀರ್ಥ ಇಲ್ಲಿ ನೆನಪಾಗದೆ ಇರದು. ಮಳೆ ತಡೆದಾಗ ಯುಕಟಾನಿನ ಹಳ್ಳಿಗರು ಚಾಕನನ್ನು ಕರೆಯುವ ಪೂಜೆಯಲ್ಲಿ ಚಿಕ್ಕ ಹುಡುಗರನ್ನು ಕೂರಿಸಿ ಕಪ್ಪೆಗಳಂತೆ ವಟಗುಟ್ಟಿಸುತ್ತಾರೆ. ನಮ್ಮ ಹಳ್ಳಿಗಳಲ್ಲಿ ಮಳೆ ಬಾರದಿದ್ದರೆ ಮಳೆರಾಯನನ್ನು ಹೊರಿಸಿ ಮನೆಮನೆಗೂ ಹೋಗುವುದೂ ಕಪ್ಪೆಗಳಿಗೆ ಮದುವೆ ಮಾಡುವುದೂ ನಿಮಗೆಲ್ಲ ತಿಳಿದ ವಿಷಯ. ತಲಕಾಡಿನ ಕಥೆಯಲ್ಲಿ ತಲ, ಕಾಡ ಎಂಬ ಅವಳಿ ಬೇಡರು ಕಾಡಾನೆಗಳು ಪೂಜಿಸುತ್ತಿದ್ದ ಬೂರುಗದ ಮರವನ್ನು ಕಡಿಯಹೋಗಿ ಶಿವನನ್ನು ಕಂಡರು. ಮಾಯಾ ಜನರಿಗೂ ಬೂರುಗದ ಜಾತಿಯ ಮರವೇ ಪಾತಾಳ ಭೂಮಿ ಆಕಾಶಗಳನ್ನು ಹೊಂದಿಸುವ ದೇವವೃಕ್ಷ. ಇವುಗಳಿಂದ ಒಬ್ಬರಿಂದೊಬ್ಬರು ಕಲಿತರೆಂದು ನಿರ್ಣಯಿಸುವುದು ಅವಸರದ ಮಾತು. ಬೇಸಾಯದ ಮಕ್ಕಳು ಎಲ್ಲಿದ್ದರೂ ಮುಗಿಲನ್ನು ನೋಡಿ ಪಡುವ ಕಳವಳ ಒಂದೇ ಎಂದರೆ ಸಾಕು.

ಈಗ ಇಂಥ ಒಂದು ಗವಿಗೆ ಹೋಗುವ ಬಗೆಯನ್ನು ಹೇಳುತ್ತೇವೆ. ಬೆಲೀಜ್ ದೇಶದಲ್ಲಿ ಆಕ್ತುನ್ ತುನಿಚಿಲ್ ಮುಕ್ನಾಲ್ ಎಂಬ ಗವಿಯಿದೆ. ಅನುಮತಿ ಪಡೆದ ಮಾರ್ಗದರ್ಶಕನಿಲ್ಲದೆ ಅಲ್ಲಿಗೆ ಯಾರೂ ಹೋಗುವಂತಿಲ್ಲ. ಕಾಡಿನ ಹಾದಿಯಲ್ಲಿ ಹೊಳೆಯನ್ನು ಮತ್ತೆ ಮತ್ತೆ ದಾಟಿ ಗವಿಯ ಬಾಯಿಗೆ ಬಂದರೆ, ಒಳಗಿನಿಂದ ತಣ್ಣೀರಿನ ಹೊಳೆ ಹರಿದು ಬರುತ್ತಿರುತ್ತದೆ. ನಡೆಯುವುದಕ್ಕೆ ದಾರಿಯಿಲ್ಲ, ಈಜಿಯೇ ಒಳಗೆ ಹೋಗಬೇಕು. ಮುಂದೆ ಕೆಲವೆಡೆ ಮೊಣಕಾಲುದ್ದ, ಕೆಲವೆಡೆ ಕುತ್ತಿಗೆಯುದ್ದ ನೀರು. ತಲೆಯ ಮೇಲೆ ಕಟ್ಟಿದ ದೀಪದ ಹೊರತು ಬೇರೆ ಬೆಳಕಿಲ್ಲ. ಕಲ್ಲುಗಳ ಸಂದಿನಲ್ಲಿ ಮೈಯನ್ನು ಓರೆಮಾಡಿ ನುಸುಳಿ, ಬಂಡೆಯನ್ನು ಹತ್ತಿದ ಮೇಲೆ ಒಣಗಿದ ದೊಡ್ಡ ಮಂಟಪವೊಂದು ಸಿಕ್ಕುತ್ತದೆ. ಅಲ್ಲಿ ಎಲ್ಲರೂ ಪಾದರಕ್ಷೆಗಳನ್ನು ಕಳಚಬೇಕು. ಕಾಲುಚೀಲವನ್ನು ಮಾತ್ರ ತೊಟ್ಟು, ಮಾರ್ಗದರ್ಶಕನು ಇಟ್ಟ ಹೆಜ್ಜೆಯಲ್ಲಿಯೇ ಹೆಜ್ಜೆಯನ್ನಿಟ್ಟು ನಡೆಯಬೇಕು.

ಏಕೆಂದರೆ ಆ ಮಂಟಪದ ನೆಲದ ಮೇಲೆ, ಇಟ್ಟವರು ಇಟ್ಟಲ್ಲಿಯೇ, ಮಡಕೆಗಳಿವೆ. ಎಷ್ಟೋ ಮಡಕೆಗಳಿಗೆ ಬೇಕೆಂದೇ ತೂತುಮಾಡಿದೆ ಅಥವಾ ಒಡೆದಿದೆ. ಅರ್ಪಿಸಿದ ವಸ್ತು ಮತ್ತೆ ಮನೆಯ ಉಪಯೋಗಕ್ಕೆ ಬಾರದಿರಲೆಂಬುದು ಅದರ ಆಶಯವಿರಬೇಕು. ಮಡಕೆಗಳ ಜೊತೆಗೆ ಮನುಷ್ಯರ ಅಸ್ಥಿಗಳೂ ಇವೆ. ಹದಿನಾಲ್ಕು ಮಂದಿಯ ಅವಶೇಷಗಳು ಅಲ್ಲಿ ಗುರುತಿಗೆ ಬಂದಿವೆ. ಅವರಲ್ಲಿ ಹಸುಗೂಸುಗಳೂ ಸೇರಿವೆ. ಒಂದು ಅಸ್ಥಿಪಂಜರದ ಮೇಲೆ ಸುಣ್ಣದ ಹರಳು ಹೆಪ್ಪುಗಟ್ಟಿ ದೀಪದ ಬೆಳಕಿಗೆ ಮಿನುಗುವುದರಿಂದ ಅದನ್ನು ಸ್ಫಟಿಕ ಕನ್ಯೆಯೆಂದು ಕರೆಯುವ ರೂಢಿಯಾಯಿತು. ಅದು ಹೆಣ್ಣಲ್ಲ, ತರುಣನೊಬ್ಬನದಾಗಿರಬಹುದೆಂದು ಈಚೆಗೆ ಪರೀಕ್ಷಿಸಿದವರು ಹೇಳುತ್ತಾರೆ. ಇವರು ಬಲಿಯಾದವರೆಂದೇ ವಿದ್ವಾಂಸರ ಅಭಿಪ್ರಾಯ. ಇದನ್ನು ಕೇಳಿ ನಮ್ಮ ಮನಸ್ಸು ನಡುಗುವುದು ಸಹಜ, ನಡುಗಬೇಕಾದದ್ದೇ. ಆದರೆ ಕಾಲವನ್ನೂ ನೋಡಬೇಕು. ಈ ಗವಿಯ ಪೂಜೆ ಹೆಚ್ಚಾದುದು ಎಂಟು ಒಂಬತ್ತನೆಯ ಶತಮಾನಗಳಲ್ಲಿ. ಆ ಸೀಮೆಯಲ್ಲಿ ಮೇಲಿಂದ ಮೇಲೆ ಬರ ಬಿದ್ದುದೂ ಆಗಲೇ. ಮಳೆ ಹಿಂದೆಗೆದಂತೆಲ್ಲ ಜನರು ಗವಿಯ ಒಳಒಳಕ್ಕೆ ಹೋದರು. ಅರ್ಪಿಸುವ ವಸ್ತುವಿನ ಬೆಲೆಯೂ ಏರುತ್ತ ಹೋಯಿತು. ಅಲ್ಲಿ ಬಿದ್ದಿರುವುದು ಕ್ರೌರ್ಯದ ಗುರುತು ಮಾತ್ರವಲ್ಲ, ಒಂದು ಜನಾಂಗದ ಹತಾಶೆಯ ಗುರುತು ಕೂಡ.

ಇಂಥ ಸ್ಥಳದಲ್ಲಿ ೨೦೧೨ರಲ್ಲಿ ಪ್ರವಾಸಿಯೊಬ್ಬನ ಕೈಯಿಂದ ಕ್ಯಾಮೆರಾ ಜಾರಿ ಒಂದು ತಲೆಬುರುಡೆಯ ಮೇಲೆ ಬಿದ್ದು ಅದನ್ನು ಒಡೆಯಿತು. ಸಾವಿರಕ್ಕೂ ಮಿಕ್ಕ ವರ್ಷಗಳ ಕಾಲ ಕತ್ತಲೆಯೂ ನೀರೂ ಮುಕ್ಕುಮಾಡದೆ ಇದ್ದುದನ್ನು ಒಂದು ಗಳಿಗೆಯ ಅಜಾಗರೂಕತೆ ಮುಕ್ಕುಮಾಡಿತು. ಅಂದಿನಿಂದ ಗವಿಯೊಳಕ್ಕೆ ಕ್ಯಾಮೆರಾ ಒಯ್ಯುವುದನ್ನು ನಿಷೇಧಿಸಿದರು. ಗ್ವಾಟೆಮಾಲ ದೇಶದ ನಾಜ್ ತುನಿಚ್ ಎಂಬ ಗವಿಯ ಕಥೆ ಇದಕ್ಕಿಂತ ದುಃಖಕರವಾದದ್ದು. ಎಂಟನೆಯ ಶತಮಾನದ ಮಾಯಾ ಲೇಖಕರು ಅಲ್ಲಿಯ ಗೋಡೆಗಳ ಮೇಲೆ ಮಸಿಯಿಂದ ಬರೆದ ಚಿತ್ರಗಳೂ ಅಕ್ಷರಗಳೂ ೧೯೮೦ರ ಸುಮಾರಿಗೆ ಹೊರಜಗತ್ತಿಗೆ ತಿಳಿದುವು. ತಿಳಿದು ಹತ್ತು ವರ್ಷ ತುಂಬುವ ಮೊದಲೇ, ೧೯೮೯ರಲ್ಲಿ, ಯಾರೋ ಕಿಡಿಗೇಡಿಗಳು ಒಳನುಗ್ಗಿ ಅನೇಕ ಚಿತ್ರಗಳನ್ನು ಕೆಡಿಸಿದರು. ಅದು ಕೈಜಾರಿದ ತಪ್ಪಲ್ಲ. ಕೈಯೆತ್ತಿ ಮಾಡಿದ ತಪ್ಪು.

ಇದಕ್ಕೆ ಪ್ರತಿಯಾಗಿ, ಮನಸ್ಸಿಗೆ ಸಮಾಧಾನವನ್ನು ಕೊಡುವ ಎರಡು ಪ್ರಸಂಗಗಳನ್ನು ಹೇಳಬೇಕು. ಚಿಚೆನ್ ಇಟ್ಸಾದ ಬಳಿ ಬಾಲಂಕಾಂಚೆ ಎಂಬ ಗವಿಯಿದೆ. ಜನರಿಗೆ ಬಹುಕಾಲದಿಂದ ಪರಿಚಿತವಾದ ಈ ಗವಿಯ ಒಂದು ಗೋಡೆ ಕೃತಕವಾದುದೆಂಬುದನ್ನು ೧೯೫೯ರಲ್ಲಿ ಒಬ್ಬ ಮಾರ್ಗದರ್ಶಕನು ಕಂಡುಹಿಡಿದನು. ಗೋಡೆಯ ಆಚೆಗೆ ಒಂದು ಮಂಟಪ. ನಡುವೆ ನೆಲದಿಂದ ಚಾವಣಿಯ ವರೆಗೆ ಬೂರುಗದ ಮರದಂತೆ ನಿಂತ ಸುಣ್ಣದ ಕಂಬ. ಅದರ ಸುತ್ತಲೂ ಧೂಪದ ಪಾತ್ರೆಗಳು, ಮಕ್ಕಳ ಆಟಿಕೆಯಷ್ಟು ಚಿಕ್ಕದಾದ ಜೋಳ ಅರೆಯುವ ಕಲ್ಲುಗಳು. ಸುದ್ದಿ ತಿಳಿದ ಹತ್ತಿರದ ಮಾಯಾ ಪೂಜಾರಿಯು, ದೇವತೆಗಳ ಏಕಾಂತಕ್ಕೆ ಭಂಗ ಬಂದಿದೆ, ಕ್ಷಮೆ ಬೇಡದೆ ಇದ್ದರೆ ಒಳಗೆ ಹೋದವರಿಗೆ ಕೇಡು ತಪ್ಪದೆಂದು ಹೇಳಿದನು. ಪುರಾತತ್ವಜ್ಞರಾದ ಆಂಡ್ರೂಸ್ ಅವರು ಅವನನ್ನು ಹಾಸ್ಯಮಾಡಿ ಕಳುಹಿಸಲಿಲ್ಲ. ಗವಿಯೊಳಗೆ ಅವನ ಪೂಜೆಗೆ ಅವಕಾಶ ಕೊಟ್ಟರು. ತಾವೂ ಅಲ್ಲಿದ್ದು ಅದನ್ನು ನೋಡಿ ಬರೆದಿಟ್ಟರು. ಶಾಸ್ತ್ರದ ಕೆಲಸವೂ ನಡೆಯಿತು, ಊರಿನವರ ಮನಸ್ಸೂ ನೋಯಲಿಲ್ಲ.

ಎರಡನೆಯದು ಬಾಲಮ್ಕು ಎಂಬ ಗವಿಯದು. ಇದೂ ಚಿಚೆನ್ ಇಟ್ಸಾದ ಹತ್ತಿರವೇ. ೧೯೬೬ರಲ್ಲಿ ರೈತರು ಇದನ್ನು ಕಂಡು ತಿಳಿಸಿದಾಗ, ನೋಡಲು ಬಂದ ಪುರಾತತ್ವಜ್ಞರು ಅದರ ಬಾಯನ್ನು ಮುಚ್ಚಿಸಿಬಿಟ್ಟರು. ಮುಚ್ಚಿದುದು ೨೦೧೮ರ ವರೆಗೂ ಹಾಗೆಯೇ ಇತ್ತು. ಆ ವರ್ಷ ಗಿಯೆರ್ಮೊ ದೆ ಆಂಡಾ ಎಂಬ ವಿದ್ವಾಂಸರು ಒಳಹೊಕ್ಕರು. ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಬೇಕಾದ ಇಕ್ಕಟ್ಟಿನ ದಾರಿ. ಬಾಯಿಯಲ್ಲಿಯೇ ವಿಷದ ಹಾವೊಂದು ನಾಲ್ಕು ದಿನ ದಾರಿಯನ್ನು ತಡೆದಿತ್ತೆಂದೂ, ಊರಿನವರು ಅದನ್ನು ಗವಿಯ ಕಾವಲುಗಾರನೆಂದು ಭಾವಿಸಿ ದೀರ್ಘವಾದ ಪೂಜೆಯೊಂದನ್ನು ನಡೆಸಿದ ಬಳಿಕವೇ ಕೆಲಸ ಮುಂದುವರಿಯಿತೆಂದೂ ವರದಿಯಾಗಿದೆ. ವಾಸುಕಿಯನ್ನು ಬಲ್ಲ ನಮಗೆ ಇದನ್ನು ಅರ್ಥಮಾಡಿಕೊಳ್ಳಲು ವ್ಯಾಖ್ಯಾನ ಬೇಕಾಗದು. ಒಳಗೆ ನೂರೈವತ್ತಕ್ಕೂ ಹೆಚ್ಚು ಧೂಪದ ಪಾತ್ರೆಗಳು ಇಟ್ಟಂತೆಯೇ ಇದ್ದುವು. ಕಂಡುದನ್ನು ಹೊರತೆಗೆದು ಕೀರ್ತಿ ಪಡೆಯುವುದು ಸುಲಭವಾಗಿದ್ದ ಕಾಲದಲ್ಲಿ ಮುಚ್ಚಿ ಹೋದವರ ಕೆಲಸದಿಂದಲೇ, ಐವತ್ತು ವರ್ಷಗಳ ಅನಂತರ ಬಂದವರು ಉತ್ತಮವಾದ ಉಪಕರಣಗಳೊಡನೆ ಅದನ್ನು ಪರೀಕ್ಷಿಸುವುದು ಸಾಧ್ಯವಾಯಿತು.

ಈಗ ತಲಕಾಡಿಗೆ ಹಿಂತಿರುಗೋಣ. ಅಲ್ಲಿ ಮರಳು ಮಾಡಿದ ಕೆಲಸವನ್ನೇ ಇಲ್ಲಿ ಸುಣ್ಣದ ಹರಳು, ಕಟ್ಟಿದ ಗೋಡೆ, ಮುಚ್ಚಿದ ಬಾ­ಯಿ ಮಾಡಿವೆ. ಆದರೆ ಮರೆಯಾದುದೆಲ್ಲ ಹಾಗೆಯೇ ಇರಲಿ ಎಂದು ನಾವು ಹೇಳುವುದಿಲ್ಲ. ಮರಳಿನ ಕೆಳಗೆ ಪಾತಾಳೇಶ್ವರನಿಗೆ ಪೂಜೆಯಿರಲಿಲ್ಲ, ಭಕ್ತರಿಗೆ ದರ್ಶನವಿರಲಿಲ್ಲ. ದೇವಾಲಯವು ದರ್ಶನಕ್ಕಾಗಿ ಇರುವುದೇ ಹೊರತು ಮುಚ್ಚಿಡುವುದಕ್ಕಲ್ಲ. ನಾವು ಹೇಳುವುದು ಇಷ್ಟೆ: ಮರೆಯನ್ನು ತೆಗೆದವರು ಮರೆಯು ಹೊತ್ತಿದ್ದ ಕಾವಲನ್ನೂ ಹೊರಬೇಕು. ಗಾಳಿ ಇಂದಿಗೂ ನಿಂತಿಲ್ಲ. ಅಗೆದ ತಗ್ಗನ್ನು ಮರಳು ಮತ್ತೆ ತುಂಬಲು ನೋಡುತ್ತದೆ. ದಿಬ್ಬವನ್ನು ಹಿಡಿದು ನಿಲ್ಲಿಸಿರುವುದು ಅದರ ಮೇಲೆ ಬೆಳೆದ ಮರಗಿಡಗಳ ಬೇರು. ಹಾದಿಯನ್ನು ಬಿಟ್ಟು ಓಡುವ ಒಬ್ಬೊಬ್ಬನ ಕಾಲೂ ಆ ಬೇರಿನ ಹಿಡಿತವನ್ನು ಸ್ವಲ್ಪ ಸಡಿಲಿಸುತ್ತದೆ. ಕಂಬದ ಮೇಲೆ ಹೆಸರು ಕೆತ್ತುವವನು, ದೀಪದ ಎಣ್ಣೆಯನ್ನು ಶಿಲ್ಪಕ್ಕೆ ಬಳಿಯುವವನು, ಕರ್ಪೂರವನ್ನು ಬೇಕಾದಲ್ಲಿ ಹಚ್ಚುವವನು ನಾಜ್ ತುನಿಚಿನ ಕಿಡಿಗೇಡಿಗಿಂತ ಸಜ್ಜನನಿರಬಹುದು. ಕಲ್ಲಿಗೆ ಆ ಭೇದ ತಿಳಿಯದು.

೨೦೨೦ರ ಡಿಸೆಂಬರಿನಲ್ಲಿ ನಡೆದ ಪಂಚಲಿಂಗ ದರ್ಶನದ ಸಮಯದಲ್ಲಿ ಸಾಂಕ್ರಾಮಿಕ ರೋಗದ ಕಾರಣದಿಂದ ಭಕ್ತರ ಸಂಖ್ಯೆಯನ್ನು ಮಿತಗೊಳಿಸಿದ್ದರು. ಆಗ ಬಹುಮಂದಿಗೆ ಅಸಮಾಧಾನವಾಗಿದ್ದರೆ ಆಶ್ಚರ್ಯವಿಲ್ಲ. ಆದರೆ ಇಕ್ಕಟ್ಟಾದ ಗುಡಿಯೊಳಕ್ಕೆ ಒಂದೇ ದಿನ ಎಷ್ಟು ಮಂದಿ ಇಳಿಯಬಹುದೆಂಬ ಪ್ರಶ್ನೆ ರೋಗವಿಲ್ಲದ ಕಾಲದಲ್ಲಿಯೂ ಕೇಳತಕ್ಕ ಪ್ರಶ್ನೆಯೇ ಆಗಿದೆ. ಬೆಲೀಜಿನವರು ತಮ್ಮ ಗವಿಯ ಬಗ್ಗೆ ಅದನ್ನು ಕೇಳಿಕೊಂಡರು. ನಾವೂ ಕೇಳಿಕೊಂಡರೆ ಭಕ್ತಿಗೆ ಕುಂದು ಬರುವುದಿಲ್ಲ.

ಇಳಿದು ನೋಡುವ ದೇವರ ಬಳಿಗೆ ಹೋಗುವವನಿಗೆ ಬೇಕಾದ ನಿಯಮಗಳು ಹೆಚ್ಚೇನೂ ಇಲ್ಲ, ಅವು ಹೊಸವೂ ಅಲ್ಲ. ಪಾದರಕ್ಷೆಯನ್ನು ಹೊರಗೆ ಬಿಡುವುದು, ಮೆಲ್ಲಗೆ ನಡೆಯುವುದು, ಮುಂದಿರುವವನ ಹೆಜ್ಜೆಯನ್ನು ನೋಡಿ ಹೆಜ್ಜೆಯಿಡುವುದು, ಅಪ್ಪಣೆಯಿಲ್ಲದೆ ಯಾವುದನ್ನೂ ಮುಟ್ಟದಿರುವುದು, ಅಲ್ಲಿಯದನ್ನು ಮನೆಗೆ ತಾರದಿರುವುದು. ನಮ್ಮ ಅಜ್ಜಿಯಂದಿರು ಗರ್ಭಗೃಹದ ಹೊಸ್ತಿಲಲ್ಲಿ ನಮಗೆ ಕಲಿಸಿದ್ದೂ ಇದನ್ನೇ. ಆಕ್ತುನ್ ತುನಿಚಿಲ್ ಮುಕ್ನಾಲಿನ ಮಾರ್ಗದರ್ಶಕನು ಹೇಳುವುದೂ ಇದನ್ನೇ. ಒಬ್ಬರು ಅದನ್ನು ಮಡಿ ಎನ್ನುತ್ತಾರೆ, ಇನ್ನೊಬ್ಬರು ರಕ್ಷಣೆ ಎನ್ನುತ್ತಾರೆ. ಹೆಸರು ಯಾವುದಾದರೂ ಆಗಲಿ, ನಡತೆ ಒಂದೇ.

ಮುಂದಿನ ಪಂಚಲಿಂಗ ದರ್ಶನಕ್ಕೆ ಹೊರಡುವವರು ಕಾವೇರಿಯಲ್ಲಿ ಮಿಂದು, ಮುಡುಕುತೊರೆಯನ್ನು ಹತ್ತಿ, ಮರಳಿನ ಹಾದಿಯನ್ನು ಹಿಡಿದು ಪಾತಾಳೇಶ್ವರನ ಮೆಟ್ಟಿಲ ಬಳಿಗೆ ಬಂದಾಗ ಒಂದು ಗಳಿಗೆ ನಿಲ್ಲಬೇಕೆಂದು ನಮ್ಮ ಪ್ರಾರ್ಥನೆ. ತಲೆಯ ಮಟ್ಟದಲ್ಲಿ ನಿಂತಿರುವ ಆ ಮರಳು ಎಷ್ಟೋ ಶತಮಾನಗಳು ಈ ಗುಡಿಯನ್ನು ಕಾದಿತ್ತು. ಇನ್ನು ಮುಂದೆ ಕಾಯುವ ಸರದಿ ನಮ್ಮದು ಎಂದು ನೆನೆದು ಕೆಳಗಿಳಿಯಲಿ.